ಕೇಸಿನ ಪಾಳಿ

೧೧ ಫೆಬ್ರವರಿ ೧೯೫೯

ಪೊಲೀಸರು ದಿನವೂ ಡೈರಿ ಬರೆಯಬೇಕಂತೆ. ಕೆಲಸ ಸಿಕ್ಕಿದ ಮೇಲೆ ಪೆನ್ನು ಹಿಡಿದು ತಡವರಿಸುವುದು ಬೇಡವೆಂದು ಇವತ್ತಿನಿಂದಲೇ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಹೆಸರು ಅಸ್ಗರ್. ತಂದೆ ಕಲಾಯಿ ಬಾಷಾ ಸಾಬ್. ಊರು ಸಿರಾ ತಾಲ್ಲೂಕಿನ ಕೆಂಚನಕುಂಟೆ. ಹವಾ ಬಿಸಿಲು. ವಿಶೇಷ ಏನೂ ಇಲ್ಲ.

ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಇವತ್ತು ತುಮಕೂರಿನಲ್ಲಿ ಕಾನ್‌ಸ್ಟೇಬಲ್ ಕೆಲಸಕ್ಕೆ ಓಡಿಸಿದರು. ಮಧುಗಿರಿ, ಕೊರಟಗೆರೆ, ಪಾವಗಡದ ಹುಡುಗರೆಲ್ಲ ನನ್ನ ಹಿಂದೆ ಧೂಳು ಕುಡಿದರು. ಎದೆ ಅಳೆದರು, ಬಾಯಿ ತೆಗೆಸಿ ಹಲ್ಲು ನೋಡಿದರು, ಸಂತೆಯಲ್ಲಿ ಹೋರಿಯನ್ನು ತಿರುಗಿಸುವಂತೆ ಸುತ್ತ ತಿರುಗಿಸಿದರು. ಪಾಸು. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ, ಸಿಕ್ಕಿದರೆ ಈ ಸಲವೇ ಸಿಗಬೇಕು. ಇಲ್ಲದಿದ್ದರೆ ಅಬ್ಬಾನ ಎದುರು ಕುಕ್ಕರುಗಾಲಲ್ಲಿ ಕೂತು ತಿದಿ ಒತ್ತುವ ಬಾಳು. ನವಸಾಗರದ ಹೊಗೆ ಕುಡಿದು ಕುಡಿದು ಅಬ್ಬಾನ ಎದೆ ಗೊರಗೊರ ಅನ್ನುತ್ತದೆ. ಅಲ್ಯೂಮಿನಿಯಂ ಬಂದ ಮೇಲೆ ಪಾತ್ರೆಗೆ ಕಲಾಯಿ ಹಾಕಿಸುವವರೂ ಕಡಿಮೆ. ಆ ಹೊಗೆಯನ್ನು ನೆನೆದರೇ ನನಗೆ ಹೆದರಿಕೆ.

ಹೊರಡುವ ಹೊತ್ತಿಗೆ ಪಾವಗಡದ ಹುಡುಗನೊಬ್ಬನನ್ನು ಸಾಲಿನಿಂದ ಆಚೆ ಎಳೆದರು. ಅವನ ಮೇಲೆ ಹಳೆಯ ಮೇಕೆ ಕೇಸು ಇತ್ತಂತೆ, ಅರ್ಜಿಯಲ್ಲಿ ಹೇಳಿರಲಿಲ್ಲವಂತೆ. "ಮೇಕೆ ತಿಂದಿದ್ದು ನಿಜಮೇ ಸಾರ್, ಕದ್ದಿದ್ದು ಮಾ ಅನ್ನ" ಎಂದು ಅವನು ತೆಲುಗು ಬೆರೆಸಿ, ಅಣ್ಣನ ಮೇಲೆ ಹಾಕಿ ಕೈಮುಗಿದ. ಸಾಹೇಬರು ತಣ್ಣಗೆ, "ಮಾಡಿದ್ದಕ್ಕಲ್ಲಪ್ಪ ನಿನ್ನ ಕಳಿಸ್ತಿರೋದು, ಮುಚ್ಚಿಟ್ಟಿದ್ದಕ್ಕೆ" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು. ಹಿಂದೆ ಶಿಕ್ಷೆ ಆಗಿದೆಯೇ ಎಂದು ಕೇಳಿದ್ದಕ್ಕೆ ನಾನೂ 'ಇಲ್ಲ' ಎಂದೇ ಬರೆದಿದ್ದೇನೆ. ಬರೆಯುವಾಗ ಆ ಇಸ್ಪೀಟಿನ ಕೇಸು ನೆನಪೇ ಆಗಲಿಲ್ಲ. ಯಾಕೆ ಆಗಬೇಕು? ಅದು ನಾನು ಮಾಡಿದ ತಪ್ಪಲ್ಲ, ಊರಿನ ಪಾಳಿ.

೧೩ ಫೆಬ್ರವರಿ

ಇದನ್ನು ವಿವರವಾಗಿ ಬರೆದಿಡಬೇಕು, ಇಲ್ಲದಿದ್ದರೆ ಮುಂದೆ ನಾನೇ ನಂಬುವುದಿಲ್ಲ.

ನಮ್ಮ ಹುಲಿಗುಂದಿ ಠಾಣೆಯವರು ತಿಂಗಳಿಗೆ ಇಷ್ಟು ಕೇಸು ಎಂದು ಮೇಲಿನವರಿಗೆ ತೋರಿಸಬೇಕು. ನಮ್ಮ ಕಡೆ ಕಳ್ಳರು ಕಡಿಮೆ, ಇರುವ ಕಳ್ಳರು ಸಿಗುವವರಲ್ಲ. ಅದಕ್ಕೇ ಕೆರೆ ನೀರಿಗೆ ಪಾಳಿ ಇರುವಂತೆ ಕೇಸಿಗೂ ಪಾಳಿ. ಒಂದು ತಿಂಗಳು ಒಂದು ಊರು, ಊರಿನಲ್ಲಿ ಒಂದೊಂದು ಸಲ ಒಂದೊಂದು ಮನೆ. ಯಾರದು ಪಾಳಿಯೋ ಅವರು ಮಿಂದು, ಮಡಿ ಅಂಗಿ ಹಾಕಿ ಠಾಣೆಗೆ ಹೋಗಿ ಇಸ್ಪೀಟು ಆಡಿದವರಾಗುತ್ತಾರೆ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಳ್ಳುತ್ತಾರೆ. ದಂಡ ಊರಿನದು. ವಾಪಸು ಬರುವಾಗ ಸಿರಾ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಠಾಣೆಯ ದಫೇದಾರರ ಲೆಕ್ಕದಲ್ಲಿ ಮಸಾಲೆ ದೋಸೆ. ಇಸ್ಪೀಟಿನಲ್ಲಿ ರಾಜ ಯಾರು, ಗುಲಾಮ ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮಸಾಲೆ ದೋಸೆ ಮೊದಲು ತಿಂದದ್ದು ಅವತ್ತೇ.

ಅದೂ ನನ್ನ ಪಾಳಿಯಲ್ಲ. ಗೆಳೆಯ ಲಕ್ಷ್ಮಯ್ಯನದು. ಅವನಿಗೆ ಚಳಿಜ್ವರ ಬಂದಿತ್ತು. ಅವರವ್ವ ಹನುಮಕ್ಕ ಬಂದು "ಒಂದ್ಸಲ ಓಗಿ ಬಾ ಕಣಪ್ಪ, ನಿಮ್ಮ ಪಾಳಿ ಬಂದಾಗ ನಮ್ಮೋನು ಓಯ್ತಾನೆ" ಎಂದಳು. ಹೋದೆ.

ಇವತ್ತು ಪಟೇಲ್ ಸಿದ್ದಗಂಗಯ್ಯನವರ ಬಳಿ ನನ್ನ ಭಯ ಹೇಳಿಕೊಂಡೆ. ಅವರಿಗೆ ಬೇಸರವಾಯಿತು.

"ಅದು ಕೇಸಾ? ಪಾಳಿ ಕಣ್ಲಾ ಅದು. ಇವತ್ತಿನವರ್ಗೂ ನಮ್ಮೂರು ಒಂದು ಪಾಳೀನೂ ತಪ್ಸಿಲ್ಲ. ಪಕ್ಕದೂರೋರ್ನ ನೋಡು, ಸುಗ್ಗಿ ಅಂತ ನೆಪ ಹೇಳಿ ಆಳು ಕಳಿಸ್ದೆ ದಫೇದಾರ್ರ ಮಾನ ಕಳದ್ರು. ನಮ್ಮಂತಾ ಊರಲ್ಲಿ ಹುಟ್ಟಿ ನೀನು ಅಪರಾಧಿ ಅಂತೀಯಲ್ಲ."

ಅಬ್ಬಾ ಉರ್ದುವಿನಲ್ಲಿ ಬೈದರು. ಅದನ್ನು ಕನ್ನಡದಲ್ಲಿ ಬರೆದರೆ ಖಾರ ಕಡಿಮೆಯಾಗುತ್ತದೆ, ಬಿಟ್ಟಿದ್ದೇನೆ.

೨೦ ಫೆಬ್ರವರಿ

ನನ್ನ ನಡತೆ ಹೇಗೆಂದು ವಿಚಾರಿಸಿ ಬರೆಯಲು ಹುಲಿಗುಂದಿ ಠಾಣೆಗೇ ಆರ್ಡರು ಬಂದಿದೆ. ಬರೆಯುವವರು ದಫೇದಾರ್ ಚೌಡಯ್ಯನವರೇ, ನನ್ನ ಹೆಸರು ಕೇಸಿಗೆ ಹಾಕಿದವರು. ಎತ್ತಿಕೊಂಡವರ ಕೈಕೂಸು ಎನ್ನುತ್ತಾರಲ್ಲ, ಹಾಗಿದೆ ನನ್ನ ಗತಿ.

ಹೋದೆ. ಅವರು ನೆರಳಿನಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ನನ್ನನ್ನು ಕಂಡು ನಿಜವಾಗಿ ಸಂತೋಷಪಟ್ಟರು.

"ಬಾರಯ್ಯ ಅಸ್ಗರು. ನಿನ್ನಂತಾ ಆರೋಪಿ ಮತ್ತೆ ಸಿಗ್ಲಿಲ್ಲ ಕಣಯ್ಯ ನಂಗೆ. ಕೋರ್ಟಲ್ಲಿ ಎಂತಾ ಸ್ಪಷ್ಟವಾಗಿ ಒಪ್ಕಂಡೆ. ಉಳಿದೋರು ಗೊಣಗ್ತಾರೆ."

ಕೇಸಿನ ಕಡತ ತಂದು ಓದಿ ತೋರಿಸಿದರು. ಹಾಳು ಮಂಟಪದಲ್ಲಿ ಇಸ್ಪೀಟು ಆಡುತ್ತಿದ್ದ ನಾನು ಪೊಲೀಸರನ್ನು ಕಂಡು ಗೋಡೆ ಹಾರಿ, ಕಳ್ಳಿಸಾಲು ದಾಟಿ, ಬುಕ್ಕಾಪಟ್ಟಣದ ಕಾಡಿನ ಜಿಂಕೆಯ ಹಾಗೆ ಓಡಿದೆನಂತೆ. ಚೌಡಯ್ಯನವರು ಬೆನ್ನಟ್ಟಿ ಹಿಡಿದರಂತೆ. ಚೌಡಯ್ಯನವರಿಗೆ ಆಗಲೇ ಮಂಡಿನೋವು, ಎದ್ದು ನಿಲ್ಲಲು ಕಂಬ ಬೇಕು. ಆದರೂ ನನ್ನ ಓಟದ ವರ್ಣನೆ ಕೇಳಿ ಒಳಗೊಳಗೇ ಹಿಗ್ಗಿದೆ. ಕೆಟ್ಟ ಅಭ್ಯಾಸ ಇದು ನನ್ನದು.

"ಇದನ್ನ ಬಿಟ್ಟು ಬರೀರಿ ಸ್ವಾಮಿ" ಎಂದೆ.

ಅವರು ಎಲೆ ಮಡಿಸಿ ಬಾಯಿಗಿಟ್ಟರು. "ನೋಡಪ್ಪ, ನ್ಯಾಯವಾಗಿ ಮಾತಾಡಾಣ. ನೀನು ಇಸ್ಪೀಟು ಆಡಿದ್ದೆ ಅಂದ್ರೆ ನಿನ್ ಕೆಲ್ಸ ಓಯ್ತದೆ. ಆಡಿರ್ಲಿಲ್ಲ ಅಂದ್ರೆ ನನ್ ಕೆಲ್ಸ ಓಯ್ತದೆ. ನಿಂಗೆ ಕೆಲ್ಸ ಇನ್ನೂ ಬಂದಿಲ್ಲ. ನಂಗೆ ಪಿಂಚಣಿ ಅತ್ರ ಬಂದೈತೆ. ಇಲ್ದೆ ಇರೋದು ಹೋದ್ರೆ ನಷ್ಟವಾ, ಇರೋದು ಹೋದ್ರೆ ನಷ್ಟವಾ, ನೀನೇ ಏಳು."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ದಾರಿಯುದ್ದಕ್ಕೂ ಹುಡುಕುತ್ತಲೇ ಬಂದೆ.

೨೩ ಫೆಬ್ರವರಿ

ಹವಾ ಬಿಸಿಲು. ಊಟ ಸೇರಲಿಲ್ಲ. ತಿದಿ ಒತ್ತಿದೆ. ಅಬ್ಬಾ ಕೆಮ್ಮಿದರು. ಕಣ್ಣಲ್ಲಿ ನೀರು ಬಂತು, ಹೊಗೆ ಎಂದೆ. ಹೊಗೆಯಲ್ಲ.

೧ ಮಾರ್ಚ್

ಲಕ್ಷ್ಮಯ್ಯ ಹೊಲದಿಂದ ನೇರ ಬಂದ. ಕೈಯಲ್ಲಿ ಒಂದು ಹಿಡಿ ಕಡಲೆಕಾಯಿ. ಪಟೇಲರು ಅವನಿಗೆ ಎಲ್ಲ ಹೇಳಿದ್ದಾರೆ.

"ಲೇ ಅಸ್ಗರಾ, ಪಾಳಿ ನಂದೇ ಅಲ್ವೇನ್ಲಾ?"

"ನಿಂದೇ."

"ಅಂದ್ಮೇಲೆ ಕೇಸೂ ನಂದೇ. ಅವತ್ತು ಸಿಕ್ಕಾಕ್ಕಂಡೋನು ನಾನೇ, ಎದ್ರಿಕೆ ಆಗಿ ನಿನ್ನೆಸ್ರು ಏಳ್ಬುಟ್ಟೆ ಅಂತೀನಿ. ದಫೇದಾರ್ರ ಕೇಸೂ ನಿಜ ಆಯ್ತದೆ, ನೀನೂ ಚೊಕ್ಕ ಆಯ್ತೀಯ."

ಹಾವೂ ಸಾಯದು, ಕೋಲೂ ಮುರಿಯದು. ಅವನಿಗೇ ತೊಂದರೆಯಾದರೆ ಎಂದೆ. ಅವನು ಕಡಲೆಕಾಯಿ ಬಿಡಿಸುತ್ತ ನಕ್ಕ. "ನಾನೇನು ಅಮಲ್ದಾರ ಆಗ್ಬೇಕಾ? ನೇಗ್ಲು ಕಟ್ಟೋವಾಗ ಎತ್ತು ಏನಾದ್ರೂ ನಿನ್ ಮೇಲೆ ಕೇಸೈತಾ ಅಂತ ಕೇಳ್ತದಾ?"

ಒಡಹುಟ್ಟಿದವರೂ ಇಂಥ ಮಾತು ಹೇಳುವುದಿಲ್ಲ. ಇವನ ಋಣವನ್ನು ನಾನು ಸಾಯುವವರೆಗೆ ಮರೆತರೆ ನನ್ನಂಥ ನಾಯಿ ಇನ್ನೊಂದಿಲ್ಲ. ಇದನ್ನು ಡೈರಿಯಲ್ಲಿ ಬರೆದಿದ್ದೇನೆ, ಹೊಡೆದುಹಾಕುವ ಹಾಗಿಲ್ಲ.

೧೦ ಮಾರ್ಚ್

ಚೌಡಯ್ಯನವರಿಗೆ ಉಪಾಯ ಬಹಳ ಹಿಡಿಸಿದೆ. ಪೊಲೀಸರಿಗೆ ಸುಳ್ಳು ಹೆಸರು ಹೇಳಿದ್ದನೆಂದು ಲಕ್ಷ್ಮಯ್ಯನ ಮೇಲೆ ಹೊಸ ಕೇಸು. ಈ ತಿಂಗಳ ಲೆಕ್ಕಕ್ಕೂ ಆಯಿತು.

ಆದರೆ ಕೋರ್ಟಿನಲ್ಲಿ ಏನೇನು ಕೇಳುತ್ತಾರೋ ಎಂದು ಪಟೇಲರಿಗೆ ಚಿಂತೆ. ನನ್ನ ಹೆಸರು ಹೇಳಿಕೊಂಡವನಿಗೆ ನನ್ನ ವಿಷಯವೆಲ್ಲ ಗೊತ್ತಿರಬೇಕಂತೆ. ಅದಕ್ಕೇ ಲಕ್ಷ್ಮಯ್ಯ ವಾರದಿಂದ ನಮ್ಮ ಮನೆಯಲ್ಲೇ ಇದ್ದಾನೆ. ಅಬ್ಬಾ ಅವನಿಗೆ ತಿದಿ ಒತ್ತುವುದನ್ನೂ ಕಾದ ಪಾತ್ರೆಗೆ ತವರ ಸವರುವುದನ್ನೂ ಕಲಿಸಿದರು. ಅವನಿಗೆ ಅದು ನನಗಿಂತ ಚೆನ್ನಾಗಿ ಬರುತ್ತದೆ ಎಂದು ನನ್ನೆದುರೇ ಹೊಗಳಿದರು. ನಮ್ಮ ತಾತ ಮುತ್ತಾತರ ಹೆಸರನ್ನು ಅವನು ಗಿಣಿಪಾಠ ಮಾಡಿದ್ದಾನೆ. ನಮ್ಮ ಮುತ್ತಾತನ ಹೆಸರು ನನಗೂ ಇದೇ ಮೊದಲು ತಿಳಿದದ್ದು.

ಅಮ್ಮಿ "ಅಸ್ಗರ್ ಬೇಟಾ, ಊಟಕ್ಕೆ ಬಾ" ಎಂದು ಕರೆದರೆ ಈಗ ಇಬ್ಬರೂ ಏಳುತ್ತೇವೆ. ಇವತ್ತು ಅವನೇ ಮೊದಲು ಎದ್ದ. ದೊಡ್ಡ ತುಂಡೂ ಅವನ ತಟ್ಟೆಗೇ ಬಿತ್ತು. ನನಗೆ ಸ್ವಲ್ಪ ಸಿಟ್ಟು ಬಂತು. ಸಹಾಯ ಮಾಡುವುದಕ್ಕೂ ಒಂದು ಮಿತಿ ಬೇಡವೇ?

೧೯ ಮಾರ್ಚ್

ಕೋರ್ಟು ಮುಗಿಯಿತು.

ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡಿ, "ಯಾಕಪ್ಪ ಬೇರೆಯವನ ಹೆಸರು ಹೇಳಿದೆ?" ಎಂದರು.

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಲಕ್ಷ್ಮಯ್ಯ ತಡವರಿಸಿ, "ಆ ಹೆಸ್ರು ಒಳ್ಳೇದಾಗಿತ್ತು ಬುದ್ಧಿ, ಅದಕ್ಕೆ" ಎಂದ. ಮುತ್ತಾತನ ಹೆಸರನ್ನು ಯಾರೂ ಕೇಳಲಿಲ್ಲ. ಅವನೇ ಕೊನೆಗೆ ಕೈಮುಗಿದು ಒಪ್ಪಿಸಿಬಿಟ್ಟ. ಎಲ್ಲರೂ ನಕ್ಕರು. ದಂಡ ಹಾಕಿದರು. ನಿಜವಾದ ಅಸ್ಗರ್ ಇದ್ದಾನೆಯೇ ಎಂದು ಕೇಳಿದಾಗ ಚೌಡಯ್ಯನವರು ನನ್ನನ್ನು ಮುಂದೆ ತಳ್ಳಿದರು. ಮ್ಯಾಜಿಸ್ಟ್ರೇಟರು ನನ್ನನ್ನು ಕನಿಕರದಿಂದ ನೋಡಿದರು. "ಹುಷಾರಪ್ಪ. ಇಂಥವರ ಸಹವಾಸ ಬಿಡು, ಮುಂದೆ ಬರೋ ಹುಡುಗ" ಎಂದರು.

ಸಿರಾದಲ್ಲಿ ದೋಸೆ. ಈ ಸಲ ನಾನೇ ಕೊಡಿಸಿದೆ. ಲಕ್ಷ್ಮಯ್ಯ ಎರಡು ತಿಂದ, ಚಟ್ನಿಯನ್ನು ಬೆರಳಿನಿಂದ ಬಳಿದು ನೆಕ್ಕಿದ. ನನ್ನ ಬೆನ್ನಿಗೆ ಗುದ್ದಿ "ಪೊಲೀಸಪ್ಪಾ" ಎಂದ. ಹೋಟೆಲಿನವರೆಲ್ಲ ತಿರುಗಿ ನೋಡಿದರು.

ಒಳ್ಳೆಯವನೇ. ಆದರೂ ಮ್ಯಾಜಿಸ್ಟ್ರೇಟರು ಓದಿದವರು, ಅವರ ಮಾತನ್ನು ತೆಗೆದುಹಾಕುವಂತಿಲ್ಲ.

೪ ಮೇ

ಆರ್ಡರು ಬಂತು. ಅಬ್ಬಾ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ಅತ್ತರು. ಅಮ್ಮಿ ಊರಿಗೆಲ್ಲ ಬೆಲ್ಲ ಹಂಚಿದಳು. ನಡತೆ ಉತ್ತಮ, ಹಿಂದೆ ಯಾವ ಕೇಸೂ ಇಲ್ಲ ಎಂದು ಚೌಡಯ್ಯನವರು ಬರೆದಿದ್ದರಂತೆ. ನಿಜವನ್ನೇ ಬರೆದಿದ್ದಾರೆ.

೧೭ ಜನವರಿ ೧೯೬೦

ಟ್ರೈನಿಂಗು ಮುಗಿಯಿತು. ಊರು ಬಲ್ಲವನು ಬೇಕೆಂದು ಚೌಡಯ್ಯನವರೇ ಕೇಳಿ ನನ್ನನ್ನು ಹುಲಿಗುಂದಿಗೆ ಹಾಕಿಸಿಕೊಂಡಿದ್ದಾರೆ. ಗಂಜಿ ಹಾಕಿದ ಖಾಕಿ ಚಡ್ಡಿ, ಕಾಲಿಗೆ ಪಟ್ಟಿ, ಸೊಂಟಕ್ಕೆ ಬೆಲ್ಟು. ಊರೊಳಗೆ ಹೋದರೆ ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಲಕ್ಷ್ಮಯ್ಯನೂ ಇದ್ದ, ಅವನು ಏಳಲಿಲ್ಲ. "ಲೇ ಅಸ್ಗರಾ, ಚಡ್ಡಿ ಬಲು ಗಟ್ಟಿಯಾಗೈತಲ್ಲೋ" ಎಂದ. ಎಲ್ಲರೂ ನಕ್ಕರು.

ಗೆಳೆತನ ಇರಲಿ. ಸರ್ಕಾರದ ಬಟ್ಟೆ ಹಾಕಿಕೊಂಡಾಗ ಹಾಗೆ ಮಾತಾಡಬಾರದು ಎಂದು ಅವನಿಗೆ ಯಾರಾದರೂ ಹೇಳಬೇಕು.

೮ ಆಗಸ್ಟ್ ೧೯೬೦

ಚೌಡಯ್ಯನವರು ಮಂಡಿನೋವೆಂದು ಪಾಳಿಯ ಕೆಲಸ ನನಗೇ ವಹಿಸಿದ್ದಾರೆ. ಕೆಂಚನಕುಂಟೆ ಪಟೇಲರು ಬಿತ್ತನೆ ಎಂದು ಆಳು ಕಳಿಸಿರಲಿಲ್ಲ. ಹೋಗಿ ಸ್ವಲ್ಪ ಗದರಬೇಕಾಯಿತು. "ನೀನೂ ಇದೇ ಊರೋನು ಕಣಪ್ಪ" ಎಂದರು. ಅದಕ್ಕೇ ನನಗೆ ಹೆಚ್ಚು ನಾಚಿಕೆ ಎಂದೆ. ಸಂಜೆಗೆ ಇಬ್ಬರು ಬಂದರು.

ಮಂಟಪ, ಗೋಡೆ, ಕಳ್ಳಿಸಾಲು. ಬರೆಯುವುದು ಕಷ್ಟವೇನಲ್ಲ. ಓಡಿದವರು ಅವರು, ಹಿಡಿದವನು ನಾನು.

೨ ಡಿಸೆಂಬರ್ ೧೯೬೦

ಹವಾ ಚಳಿ. ತಿಂಗಳ ಕೇಸಿನ ಲೆಕ್ಕ ಸರಿಯಾಗಿದೆ. ವಿಶೇಷ ಏನೂ ಇಲ್ಲ.

೯ ಮಾರ್ಚ್ ೧೯೬೧

ಗೌರ್ಮೆಂಟ್ ಬಸ್ಸು ಈಗ ಕೆಂಚನಕುಂಟೆಯ ಮೇಲೆ ಓಡುತ್ತದೆ. ಲಕ್ಷ್ಮಯ್ಯನಿಗೆ ಅದರ ಹುಚ್ಚು ಹಿಡಿದಿದೆಯಂತೆ. ಎತ್ತು ಬಿಟ್ಟವನೇ ಬಂದು ರಸ್ತೆಯಲ್ಲಿ ನಿಲ್ಲುತ್ತಾನಂತೆ. ಪಾವಗಡದವರೆಗಿನ ಸ್ಟಾಪುಗಳೆಲ್ಲ ಅವನಿಗೆ ಬಾಯಿಪಾಠವಂತೆ. ನಮ್ಮ ಮುತ್ತಾತನನ್ನು ಕಲಿತ ಹಾಗೇ ಇರಬೇಕು.

ಇವತ್ತು ಠಾಣೆಗೆ ಬಂದಿದ್ದ. ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ನಮ್ಮ ಜೊತೆ ಮಿಡ್ಲ್‌ಸ್ಕೂಲು ಪಾಸು ಮಾಡಿದವನೇ ತಾನೆ. ಜೇಬಿನಿಂದ ಒಂದು ಸೀಟಿ ತೆಗೆದು ತೋರಿಸಿದ, ಸಿರಾ ಸಂತೆಯಲ್ಲಿ ಕೊಂಡದ್ದಂತೆ.

"ಕೆಲ್ಸ ಆಗ್ಲಿ, ನಿಮ್ಮ ಅಮ್ಮೀನ ಬಿಟ್ಟಿ ತುಮಕೂರ್ಗೆ ಕರ್ಕಂಡೋಯ್ತೀನಿ" ಎಂದ. "ನಡತೆ ವಿಚಾರ್ಸೋ ಕಾಗ್ದ ನಿನ್ತಾವ್ಕೇ ಬತ್ತದಂತೆ. ಇನ್ನೇನು, ನಿಂಗೆ ಎಲ್ಲಾ ಗೊತ್ತಲ್ಲ."

ಅರ್ಜಿಯಲ್ಲಿ ಹಿಂದಿನ ಶಿಕ್ಷೆಯ ಬಗ್ಗೆ ಏನು ಬರೆದೆ ಎಂದು ಕೇಳಿದೆ.

"ಇಲ್ಲ ಅಂತ. ನಾನೇನು ಮಾಡಿವ್ನಿ?"

೧೩ ಮಾರ್ಚ್

ಚೌಡಯ್ಯನವರ ಪಿಂಚಣಿಗೆ ಇನ್ನು ಸ್ವಲ್ಪವೇ ದಿನ. ಕಾಗದ ನನ್ನ ಕಡೆ ತಳ್ಳಿ, "ನಿನ್ ಸ್ನೇಹಿತ, ನೀನೇ ಬರಿ, ನಾನು ರುಜು ಹಾಕ್ತೀನಿ" ಎಂದರು.

ಇಡೀ ದಿನ ಯೋಚಿಸಿದೆ. ಅವನ ಮೇಲೆ ಏನೂ ಇಲ್ಲ ಎಂದು ಬರೆದರೆ ಅವತ್ತು ಅವನು ಸುಳ್ಳು ಹೆಸರು ಹೇಳಿರಲಿಲ್ಲ ಎಂದಾಗುತ್ತದೆ. ಅವನು ಹೇಳಿರದಿದ್ದರೆ ಮಂಟಪದ ಅಸ್ಗರ್ ನಾನೇ ಆಗುತ್ತೇನೆ. ಆಗ ನಾನೂ ಮುಚ್ಚಿಟ್ಟವನು. ನನಗೆ ಕೆಲಸ ಇದೆ, ಅವನಿಗೆ ಇನ್ನೂ ಬಂದಿಲ್ಲ. ಇಲ್ಲದಿರುವುದು ಹೋದರೆ ನಷ್ಟವೇ?

ಈ ಮಾತನ್ನು ಎಲ್ಲೋ ಕೇಳಿದ್ದೇನೆ. ಸರಿಯಾದ ಮಾತು.

ಬರೆದೆ: ಸದರಿ ಲಕ್ಷ್ಮಯ್ಯ ಎಂಬಾತನು ಹಿಂದೆ ಜೂಜಾಟದಲ್ಲಿ ಸಿಕ್ಕಿ, ಪೊಲೀಸರಿಗೆ ಸುಳ್ಳು ಹೆಸರು ಹೇಳಿ ವಂಚಿಸಿ, ದಂಡನೆ ಹೊಂದಿದವನು. ಅರ್ಜಿಯಲ್ಲಿ ಇದನ್ನು ಮುಚ್ಚಿಟ್ಟಿದ್ದಾನೆ.

ಅವನು ಮುಚ್ಚಿಡದೇ ಇದ್ದಿದ್ದರೆ ನಾನು ಏನಾದರೂ ಮಾಡಬಹುದಿತ್ತು.

೧೫ ಮೇ

ಲಕ್ಷ್ಮಯ್ಯನಿಗೆ ಕೆಲಸ ಆಗಲಿಲ್ಲವಂತೆ. ಹನುಮಕ್ಕ ಬೀದಿಯಲ್ಲಿ ಸಿಕ್ಕಿದಳು, ನನ್ನನ್ನು ನೋಡಿ ಸೆರಗು ಎಳೆದುಕೊಂಡು ಪಕ್ಕಕ್ಕೆ ಹೋದಳು. ವಯಸ್ಸಾಯಿತು, ಕಣ್ಣು ಕಾಣುವುದಿಲ್ಲವೇನೋ. ಅಬ್ಬಾ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಉರ್ದುವಿನಲ್ಲೂ ಇಲ್ಲ.

೭ ಜುಲೈ

ಈ ತಿಂಗಳು ಕೆಂಚನಕುಂಟೆಯ ಪಾಳಿ. ಗದರುವುದೇ ಬೇಕಾಗಲಿಲ್ಲ, ಬೆಳಿಗ್ಗೆಯೇ ಲಕ್ಷ್ಮಯ್ಯ ಒಬ್ಬನೇ ಬಂದು ನಿಂತ. ಮಿಂದಿದ್ದ, ಮಡಿ ಅಂಗಿ ಹಾಕಿದ್ದ. ಪಟೇಲರು ಊರವರನ್ನು ಸೇರಿಸಿ ತೀರ್ಮಾನ ಮಾಡಿದ್ದಾರಂತೆ. ಕೆಟ್ಟಿರುವ ಹೆಸರು ಒಂದಿರುವಾಗ ಬೇರೆ ಹುಡುಗರ ಹೆಸರು ಯಾಕೆ ಕೆಡಬೇಕು, ಇನ್ನು ಮೇಲೆ ಎಲ್ಲ ಪಾಳಿಗೂ ಲಕ್ಷ್ಮಯ್ಯನೇ ಹೋಗಲಿ ಎಂದು. ಯೋಚಿಸಿದರೆ ಅನುಕೂಲವೇ.

ಬರೆಯಲು ಕೂತೆ. ರೂಢಿಯ ಮೇಲೆ "ಹೆಸರು?" ಎಂದೆ.

"ಯಾವ್ದು ಬೇಕೋ ಅದು ಬರ್ಕಳಿ ಸ್ವಾಮಿ" ಎಂದ.

ಮೊದಲ ಸಲ ಸ್ವಾಮಿ ಎಂದಿದ್ದಾನೆ, ಮರ್ಯಾದೆ ಕಲಿತಿದ್ದಾನೆ. ಕೋರ್ಟಿನಲ್ಲೂ ಸ್ಪಷ್ಟವಾಗಿ ಒಪ್ಪಿಕೊಂಡ. ವಾಪಸು ಬರುವಾಗ ಸಿರಾದಲ್ಲಿ ಪದ್ಧತಿಯಂತೆ ಮಸಾಲೆ ದೋಸೆ ಹೇಳಿದೆ. ಅವನು ಎಲೆ ಮುಟ್ಟಲಿಲ್ಲ, ಹೊರಗೆ ಬಸ್ಸಿನ ಕಂಡಕ್ಟರ್ ಸೀಟಿ ಹೊಡೆದಾಗ ಮಾತ್ರ ತಲೆ ಎತ್ತಿದ. ನಾನೂ ಅರ್ಧಕ್ಕೇ ಎದ್ದೆ. ಆ ಹೋಟೆಲಿನ ಚಟ್ನಿ ಈಗ ಮೊದಲಿನಂತಿಲ್ಲ.